ಹಳದಿ ಚೀಟಿ

ಭಾನುವಾರ ಬೆಳಿಗ್ಗೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ರೇವಣಸಿದ್ದಪ್ಪ ತೀರಿಕೊಂಡರು. ಅರವತ್ತೆರಡು ವರ್ಷ. ಏಳು ಗಂಟೆಗೆ ಅವರ ಎಡ ಮೊಣಕಾಲನ್ನು ಅಣ್ಣ ದೇವೀರಪ್ಪನೂ ಬಲ ಮೊಣಕಾಲನ್ನು ಪಕ್ಕದ ಹಿಟ್ಟಿನ ಗಿರಣಿಯ ಮರಿಯಣ್ಣನೂ ಹಿಡಿದು ಮಡಚುತ್ತಿದ್ದರು.

"ದೊಡ್ಡಪ್ಪಾ, ಕೂರಿಸಬೇಡಿ," ಎಂದಳು ಮಗಳು ಮೇಘಶ್ರೀ. ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಫೋನಿತ್ತು. "ಒಂದೆರಡು ಗಂಟೆ ಮಲಗಿಸಿಯೇ ಇಡಿ."

"ಯಾಕವ್ವಾ?"

"ಬೇಲೂರಿನ ಮಾಜಿ ಸೈನಿಕರ ಸಂಘಕ್ಕೆ ಫೋನ್ ಮಾಡಿದೀನಿ. ಬಾವುಟ ತಂದರೆ ಮಲಗಿಸಿದ ಮೈಮೇಲೆ ಹೊದಿಸಬೇಕು. ಕೂತವರಿಗೆ ಹೇಗೆ ಹೊದಿಸ್ತಾರೆ?"

ದೇವೀರಪ್ಪ ಕೈ ಬಿಡಲಿಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಅವರು ಸುದ್ದಿ ತಿಳಿದ ಕೂಡಲೇ ಕಾರು ಹತ್ತಿ ಬಂದಿದ್ದರು. ಬರುವಾಗಲೇ ಮಠಕ್ಕೆ ಫೋನ್ ಮಾಡಿ ಅಯ್ಯನವರನ್ನು ಗೊತ್ತುಮಾಡಿದ್ದರು. ಮಧ್ಯಾಹ್ನ ಮೂರೂವರೆಗೆ ಮಣ್ಣು ಎಂದು ತೀರ್ಮಾನವಾಗಿತ್ತು.

"ನಮ್ಮಲ್ಲಿ ಯಾರನ್ನೂ ಮಲಗಿಸಿ ಮಣ್ಣು ಮಾಡಲ್ಲ ಮಗಾ. ಎಲ್ಲಾರೂ ಕೂತೇ ಹೋಗಾದು. ಇನ್ನೆರಡು ಗಂಟೆ ಬಿಟ್ರೆ ಕಾಲು ಮರ ಆಗ್ತವೆ. ಆಮೇಲೆ ಯಾರು ಮಡಚ್ತಾರೆ? ನಿನ್ನ ಮಿಲಿಟ್ರಿಯೋರು ಬಂದು ಮಡಚ್ತಾರಾ?"

"ಅಪ್ಪಾನೂ ಮಿಲಿಟರಿಯಲ್ಲಿದ್ದವರೇ."

"ಇದ್ದ ಕಣವ್ವಾ. ವರ್ಷಕ್ಕೆ ಎರಡು ತಿಂಗಳು. ನಮ್ಮ ಮಂಡಿ ಹಮಾಲಿ ಅದಕ್ಕಿಂತ ಜಾಸ್ತಿ ದಿವಸ ಕೆಲಸಕ್ಕೆ ಬತ್ತಾನೆ."

"ಬಿಡು ದೇವೀರಣ್ಣ," ಎಂದ ಮರಿಯಣ್ಣ. "ಇವತ್ತೊಂದಿನ ಬಿಡು."

ಗಂಡನ ತಲೆಯ ಪಕ್ಕದಲ್ಲಿ ಕೂತಿದ್ದ ಸುಮಿತ್ರಮ್ಮ, "ಕೂರಿಸಿ," ಎಂದರು. "ಜೀವಮಾನವೆಲ್ಲಾ ಕೂತೇ ಕೆಲಸ ಮಾಡಿದೋರು. ಮಲಗಿಸಿದ್ರೆ ಅವರಿಗೇ ಒಗ್ಗಲ್ಲ." ಮಗಳ ಕಡೆ ತಿರುಗಿದರು. "ಬಾವುಟ ಬಂದ್ರೆ ತೊಡೆ ಮೇಲೆ ಹಾಕಲಿ. ಯಾರು ಬೇಡ ಅಂತಾರೆ?"

ಮೊಣಕಾಲುಗಳು ಕಷ್ಟದಿಂದ ಮಡಚಿಕೊಂಡವು. ಸ್ನಾನ ಮಾಡಿಸಿ, ಹಣೆಗೆ ಮೂರು ಬೆರಳ ವಿಭೂತಿ ಹಚ್ಚಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದರು. ತಲೆ ಮುಂದಕ್ಕೆ ಬಾಗದಂತೆ ಹಣೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಗೋಡೆಯ ಮೊಳೆಗೆ ಕಟ್ಟಿದರು. ಟೆಸ್ಟರ್, ಇಕ್ಕಳ ನೇತುಹಾಕಲು ರೇವಣಸಿದ್ದಪ್ಪನೇ ಹೊಡೆದಿದ್ದ ಮೊಳೆ ಅದು. ಹಿಂದಿನ ದಿನ ಸಂಜೆಯವರೆಗೆ ಅಲ್ಲಿ ಇಕ್ಕಳ ಇತ್ತು.

•

ಬಸ್ತಿಹಳ್ಳಿಯಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ ಆ ಮನೆಯ ಮುಂಗೋಣೆಯೇ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಪಂಪಿನ ಮೋಟಾರು, ಭಜನೆ ಮಂಡಳಿಯ ಮೈಕು, ಎಲ್ಲವೂ ಅಲ್ಲಿಗೆ ಬರುತ್ತಿದ್ದವು.

೧೯೮೯ರಿಂದ ೨೦೧೦ರವರೆಗೆ ರೇವಣಸಿದ್ದಪ್ಪ ಟೆರಿಟೋರಿಯಲ್ ಆರ್ಮಿಯಲ್ಲಿದ್ದರು. ಸ್ವಂತ ಉದ್ಯೋಗ ಬಿಡದೆ ಮಾಡುವ ಸೈನಿಕ ಸೇವೆ ಅದು. ವರ್ಷಕ್ಕೊಮ್ಮೆ ಸುಮಾರು ಎರಡು ತಿಂಗಳ ಶಿಬಿರ. ಸರ್ಕಾರ ಕರೆದರೆ ಕರೆದಷ್ಟು ದಿನ. ಎರಡು ಸಲ ಉತ್ತರದ ಗಡಿಯಲ್ಲಿ ಎರಡೆರಡು ವರ್ಷದ ಮೇಲೆ ಇದ್ದು ಬಂದಿದ್ದರು. ಕಾಗದ ಬಂದ ದಿನ ಅಂಗಡಿಗೆ ಬೀಗ ಹಾಕಿ, ಕಬ್ಬಿಣದ ಟ್ರಂಕು ಹೊತ್ತು ಅರಸೀಕೆರೆಗೆ ಹೋಗಿ ರೈಲು ಹತ್ತುತ್ತಿದ್ದರು. ಅಲ್ಲಿಯೂ ಮಾಡಿದ್ದು ರಿಪೇರಿ ಕೆಲಸವೇ: ಜನರೇಟರ್, ನೀರಿನ ಪಂಪು, ವೈರ್‌ಲೆಸ್ ಸೆಟ್ಟು. ಯಾರ ಮೇಲೂ ಗುಂಡು ಹಾರಿಸಿರಲಿಲ್ಲ. ಹಾರಿಸಿದ್ದೇನೆಂದು ಹೇಳಿಕೊಂಡೂ ಇರಲಿಲ್ಲ.

ಅಲ್ಲಿಂದ ಅವರು ಊರಿಗೆ ತಂದದ್ದು ಒಂದೇ ಅಭ್ಯಾಸ. ಕೈಯಿಂದ ದಾಟುವ ಪ್ರತಿ ಸಾಮಾನಿಗೂ ದಾರದಲ್ಲಿ ರಟ್ಟಿನ ಚೀಟಿ ಕಟ್ಟುವುದು. ಹಸಿರು ಎಂದರೆ ಸರಿಯಾಗಿದೆ. ಕೆಂಪು ಎಂದರೆ ಬಳಸಬಾರದು. ಹಳದಿ ಎಂದರೆ ದೋಷ ಹಾಗೆಯೇ ಇದೆ, ಸದ್ಯಕ್ಕೆ ನಡೆಯುತ್ತದೆ, ಏನು ಮಾಡಬೇಕೆಂದು ಚೀಟಿಯಲ್ಲಿ ಓದಿಕೊಳ್ಳಿ. ವಸ್ತು, ದೋಷ, ದಿನಾಂಕ, ಕಟ್ಟಿದವರು ಎಂದು ನಾಲ್ಕು ಸಾಲು ಅವರ ಸಣ್ಣ ಅಕ್ಷರದಲ್ಲಿ ಇರುತ್ತಿದ್ದವು. ದೋಷದ ಮುಂದೆ ಕಂಡದ್ದನ್ನು ಮಾತ್ರ ಬರೆಯಬೇಕು, ಕೋಪವನ್ನು ಬರೆಯಬಾರದು. ಕಟ್ಟಿದವರು ಹೆಸರು ಹಾಕಲೇಬೇಕು. ಚೀಟಿ ಬರೆಯುವುದನ್ನು ಮಗಳಿಗೆ ಹೀಗೆಯೇ ಕಲಿಸಿದ್ದರು.

ಊರಿನವರು ಬಣ್ಣ ನೋಡುತ್ತಿದ್ದರು, ಬರೆದದ್ದನ್ನು ಓದುತ್ತಿರಲಿಲ್ಲ. ಕೆಂಪು ಅಲ್ಲ ಎಂದಾದರೆ ಸರಿಯಾಗಿದೆ ಎಂದೇ ಅವರ ಲೆಕ್ಕ.

೧೯೯೮ರ ಶಿಬಿರಕ್ಕೆ ಹಿರಿಯ ಅಧಿಕಾರಿಯೊಬ್ಬರು ಬರುವವರಿದ್ದರು. ಸಂಜೆಯ ಕಾರ್ಯಕ್ರಮದ ದೀಪಗಳಿಗೆ ಇದ್ದ ಜನರೇಟರಿನ ಮೈ ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ರೇವಣಸಿದ್ದಪ್ಪ ಕೆಂಪು ಚೀಟಿ ಕಟ್ಟಿದರು. ಒಂದು ಸಂಜೆಯ ಮಟ್ಟಿಗೆ ತೆಗೆ ಎಂದು ಮೇಲಿನವರು ಹೇಳಿದರು. "ತೆಗೀಬಹುದು ಸಾರ್. ತೆಗೆಯುವವರು ಸಹಿ ಹಾಕಬೇಕು," ಎಂದರು ಇವರು. ಯಾರೂ ಸಹಿ ಹಾಕಲಿಲ್ಲ. ಕಾರ್ಯಕ್ರಮ ನಾಲ್ಕು ಗಂಟೆಯ ಬಿಸಿಲಿನಲ್ಲಿ ನಡೆಯಿತು. ಆಮೇಲೆ ಹನ್ನೆರಡು ವರ್ಷ ಸೇವೆಯಲ್ಲಿದ್ದರೂ ಅವರಿಗೆ ಬಡ್ತಿ ಬರಲಿಲ್ಲ. ಎರಡಕ್ಕೂ ಸಂಬಂಧ ಇದೆಯೆಂದು ಅವರು ಯಾವತ್ತೂ ಹೇಳಲಿಲ್ಲ. ಹೇಳುತ್ತಿದ್ದವರು ಸುಮಿತ್ರಮ್ಮ.

•

ಬೆಳಿಗ್ಗೆ ಆರೂ ಹತ್ತಕ್ಕೆ ಮೇಘಶ್ರೀ ಮೊದಲ ಫೋನ್ ಮಾಡಿದಾಗ ಸಂಘದ ಕಾರ್ಯದರ್ಶಿ, ನಿವೃತ್ತ ಸುಬೇದಾರ್ ಹನುಮಂತಯ್ಯ, "ಛೆ ಛೆ, ರೇವಣಸಿದ್ದಪ್ಪನವರಾ? ಒಂಬತ್ತಕ್ಕೆ ಮಾಡಮ್ಮ, ವಿಚಾರಿಸಿ ಹೇಳ್ತೀನಿ," ಎಂದಿದ್ದರು. ಒಂಬತ್ತಕ್ಕೆ ಮಾಡಿದರೆ ಬೇರೆ ಕರೆಯಲ್ಲಿದ್ದರು. ಒಂಬತ್ತೂ ಇಪ್ಪತ್ತಕ್ಕೆ, "ಜಿಲ್ಲಾ ಕಚೇರಿಯವರು ಎತ್ತುತ್ತಿಲ್ಲಮ್ಮ, ಭಾನುವಾರ ನೋಡು," ಎಂದರು. ಹತ್ತಕ್ಕೆ, "ಸೇವಾ ಪುಸ್ತಕ ಇದೆಯಾ? ಕೊನೇ ಪುಟದ ಫೋಟೋ ಕಳಿಸು," ಎಂದರು.

ಪುಸ್ತಕ ಎಲ್ಲಿದೆಯೆಂದು ಸುಮಿತ್ರಮ್ಮನಿಗೆ ಗೊತ್ತಿರಲಿಲ್ಲ. ಮೇಘಶ್ರೀ ಅಂಗಡಿಗೆ ಹೋಗಿ ಮೇಜಿನ ಖಾನೆಗಳನ್ನು ಒಂದೊಂದಾಗಿ ಎಳೆದಳು. ತಿರುಪು, ಸುರುಳಿ ತಂತಿ, ಸುಟ್ಟ ಕೆಪಾಸಿಟರ್. ಜಗಲಿಯಲ್ಲಿ ಹೆಂಗಸರು ಸೇರಿದ್ದರು. ಎದುರು ಮನೆಯ ರುಕ್ಮಿಣಮ್ಮ ಸತ್ತವರಿಗೆ ಕೈಮುಗಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಅಂಗಡಿಯೊಳಕ್ಕೆ ಇಣುಕಿದರು.

"ಮೇಘಾ, ಕೇಳಬಾರದು ಈಗ. ಆ ಮೇಲಿನ ಹಲಗೆ ಮೇಲಿರೋದು ನಮ್ಮ ಮಿಕ್ಸಿ ಅಲ್ವೇನೇ?"

"ಹೂಂ ಅತ್ತೆ."

"ಹಸಿರು ಚೀಟಿ ಕಾಣ್ತೈತೆ. ನಾಳೆ ಬಂದು ತಗೊಂಡು ಹೋಗ್ತೀನಿ ಬಿಡು. ಇವತ್ತು ಬೇಡ." ಹೊರಟವರು ತಿರುಗಿದರು. "ಇವತ್ತೇ ಬೇಕಾಗಿತ್ತು. ಬಂದೋರಿಗೆ ಚಟ್ನಿ ಆಗಬೇಕಲ್ಲ."

"ತಗೊಂಡು ಹೋಗಿ ಅತ್ತೆ."

ಮರಿಯಣ್ಣ ಮಿಕ್ಸಿ ಇಳಿಸಿಕೊಟ್ಟ. "ನಮ್ಮ ಗಿರಣಿ ಮೋಟ್ರಿಗೆ ನಾಕು ವರ್ಷದಿಂದ ಹಳದಿ ಚೀಟಿ ನೇತಾಡ್ತೈತೆ," ಎಂದ. "ಓಡ್ತೈತಲ್ಲ ಅಂತ ನಾನೂ ಓದ್ಲಿಲ್ಲ. ಹೋದ ತಿಂಗಳು ಹೊಗೆ ಬಂತು. ಓದಿದ್ಯೇನ್ಲಾ ಅಂದ ನಿಮ್ಮಪ್ಪ. ಕನ್ನಡಕ ಇಲ್ಲ ಕಣೋ ಅಂದೆ. ತನ್ನ ಕನ್ನಡಕವನ್ನೇ ತೆಗೆದು ಕೊಟ್ಟು, ಈಗ ಓದು ಅಂದ." ಮರಿಯಣ್ಣ ನಗಲು ಹೋಗಿ ಆಗದೆ ಹೊರಗೆ ನಡೆದ.

ಪುಸ್ತಕ ಚೀಟಿಗಳ ಬಿಸ್ಕತ್ತು ಡಬ್ಬದಲ್ಲಿತ್ತು. ಡಬ್ಬದಲ್ಲಿ ಮೂರು ಬಣ್ಣದ ಖಾಲಿ ಚೀಟಿಗಳ ಕಟ್ಟು, ದಾರದ ಉಂಡೆ, ಒಂದು ಬಾಲ್ ಪೆನ್ನು. ಎಲ್ಲಕ್ಕಿಂತ ಕೆಳಗೆ ಸೇವಾ ಪುಸ್ತಕ. ಅದರೊಳಗೆ ನಾಲ್ಕು ಮಡಿಕೆ ಹಾಕಿದ ಒಂದು ಅರ್ಜಿ: ಸಂಘದ ಸದಸ್ಯತ್ವಕ್ಕೆ, ೨೦೧೧ರದು. ಮೂಲೆಯಲ್ಲಿ ಬೇರೆ ಶಾಯಿಯಲ್ಲಿ 'ಅರ್ಹತೆ ಇಲ್ಲ' ಎಂದಿತ್ತು. ಅದನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

ಕೊನೇ ಪುಟದ ಫೋಟೋ ಕಳಿಸಿದಳು. ಹತ್ತು ನಿಮಿಷದ ಮೇಲೆ ಹನುಮಂತಯ್ಯನೇ ಫೋನ್ ಮಾಡಿದರು.

"ನೋಡಮ್ಮ. ಇಪ್ಪತ್ತೊಂದು ವರ್ಷ ಇದ್ದಾರೆ, ಸರಿ. ಆದರೆ ಹಾಜರಿದ್ದ ದಿನ ಕೂಡಿದರೆ ಏಳು ವರ್ಷ ಮೂರು ತಿಂಗಳು ಹದಿನೆಂಟು ದಿನ. ಪಿಂಚಣಿಗೆ ಹದಿನೈದು ವರ್ಷ ಬೇಕು. ಪಿಂಚಣಿ ಇಲ್ಲ ಅಂದ್ರೆ ಮಾಜಿ ಸೈನಿಕರು ಅನ್ನೋ ಪಟ್ಟಿಗೆ ಬರಲ್ಲ. ನಾನು ಮಾಡಿದ ನಿಯಮ ಅಲ್ಲ."

"ಗೊತ್ತು ಸಾರ್. ನಾನು ಪಿಂಚಣಿ ಕೇಳ್ತಿಲ್ಲ. ಒಂದು ಬಾವುಟ."

"ಬಾವುಟ ನಾನಾಗಿ ಹೊದಿಸೋ ಹಾಗಿಲ್ಲಮ್ಮ, ಮೇಲಿಂದ ಆದೇಶ ಬೇಕು. ಹಾಗೇ ಹೊದಿಸಿದ್ರೆ ಅಪರಾಧ ಆಗುತ್ತೆ. ನಿಮ್ಮ ತಂದೆಯವರೇ ಒಪ್ಪುತ್ತಿರಲಿಲ್ಲ."

ಅದು ನಿಜವೆಂದು ಮೇಘಶ್ರೀಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಪ್ರತಿ ಆಗಸ್ಟ್‌ನಲ್ಲಿ ನಿಮ್ಮ ಸ್ಪೀಕರ್ ಪೆಟ್ಟಿಗೆ ನಮ್ಮನೆಗೆ ಬರ್ತಿತ್ತಲ್ಲ ಸಾರ್. ಆಗ ಅಪ್ಪನ ಪುಸ್ತಕ ನೋಡಿದ್ರಾ?"

ಆ ಕಡೆಯಿಂದ ಬೇಲೂರಿನ ಯಾವುದೋ ರಸ್ತೆಯ ಆಟೋ ಹಾರನ್ ಕೇಳಿಸಿತು.

"ಎಷ್ಟು ಹೊತ್ತಿಗೆ ಮಣ್ಣು?" ಎಂದರು ಹನುಮಂತಯ್ಯ.

"ಮೂರೂವರೆ."

"ಸಂಘದಿಂದ ಅಂತ ಬರೋಕಾಗಲ್ಲ. ನಾನು ಬರ್ತೀನಿ, ಇನ್ನಿಬ್ಬರನ್ನ ಕರ್ಕೊಂಡು. ಸೆಲ್ಯೂಟ್ ಕೊಡ್ತೀವಿ. ಬ್ಯೂಗಲ್ ಊದೋರು ನಮ್ಮಲ್ಲಿ ಇಲ್ಲ, ರೆಕಾರ್ಡ್ ಇದೆ. ಪೆಟ್ಟಿಗೆ ತರ್ತೀವಿ. ಬಾವುಟ ಮಾತ್ರ ಕೇಳಬೇಡಮ್ಮ."

"ಆಯ್ತು ಸಾರ್. ಬ್ಯೂಗಲ್ ಸಾಕು. ಊರಿನವರ ಎದುರಿಗೆ ಆಗಬೇಕು, ಅಷ್ಟೇ."

•

೨೦೦೮ರಲ್ಲಿ, ಎಂಟನೇ ತರಗತಿಯಲ್ಲಿ, ಶಾಲೆಯ ಅರ್ಜಿಯೊಂದರಲ್ಲಿ ತಂದೆಯ ಉದ್ಯೋಗ ಎಂಬ ಸಾಲಿನ ಮುಂದೆ ಮೇಘಶ್ರೀ 'ಸೈನಿಕ' ಎಂದು ಬರೆದಿದ್ದಳು. "ಸೈನಿಕ ಆದ್ರೆ ನಿಮ್ಮಪ್ಪ ಮೊನ್ನೆ ನಮ್ಮನೆ ಫ್ಯಾನು ಯಾಕೆ ರಿಪೇರಿ ಮಾಡ್ತಿದ್ರು?" ಎಂದು ಒಬ್ಬಳು ಕೇಳಿದಳು. ಇಡೀ ಬೆಂಚು ನಕ್ಕಿತು. ಆ ವರ್ಷವೆಲ್ಲ ಅವಳಿಗೆ 'ಫ್ಯಾನ್ ಮಿಲಿಟ್ರಿ' ಎಂದೇ ಹೆಸರು.

ಒಂಬತ್ತನೇ ತರಗತಿಯಲ್ಲಿ ಅದೇ ಅರ್ಜಿ ಮತ್ತೆ ಬಂತು. ಅವಳು 'ರಿಪೇರಿ ಅಂಗಡಿ' ಎಂದು ಬರೆದಳು. ತಂದೆ ಶಿಬಿರದಿಂದ ಬಂದು ಎರಡು ದಿನವಾಗಿತ್ತು. ಕೂದಲು ಇನ್ನೂ ಗಿಡ್ಡವಿತ್ತು. ಟ್ರಂಕನ್ನು ಇನ್ನೂ ಬಿಚ್ಚಿರಲಿಲ್ಲ. ಸಹಿಗೆಂದು ಕೊಟ್ಟ ಹಾಳೆಯನ್ನು ಯಾವುದನ್ನು ಓದಿದರೂ ಓದುವಷ್ಟೇ ನಿಧಾನವಾಗಿ ಓದಿದರು. ಆ ಸಾಲಿನ ಹತ್ತಿರ ಪೆನ್ನು ನಿಂತಿತು.

"ತಪ್ಪೇನಿಲ್ಲ," ಎಂದರು. ಸಹಿ ಹಾಕಿ ಕೊಟ್ಟರು.

ಈಗ ಮೇಘಶ್ರೀ ಜಾವಗಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ವರ್ಷಕ್ಕೆ ನೂರಾರು ಅರ್ಜಿಗಳು ಅವಳ ಕೈ ದಾಟುತ್ತವೆ. ಆ ಸಾಲು ಬಂದಾಗಲೆಲ್ಲ ಅವಳು ಬೇಗ ಮುಂದಿನ ಸಾಲಿಗೆ ಹೋಗುತ್ತಾಳೆ. ಅದರ ಬಗ್ಗೆ ತಂದೆಯೊಂದಿಗೆ ಮಾತಾಡಬೇಕೆಂದು ಹದಿನೈದು ವರ್ಷದಲ್ಲಿ ಹಲವು ಸಲ ಅಂದುಕೊಂಡಿದ್ದಳು. ಮಾತಾಡಿರಲಿಲ್ಲ.

•

ಎರಡು ಗಂಟೆಗೆ ಅಯ್ಯನವರು ಬಂದು ಪೂಜೆ ಮಾಡಿದರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಕೊರಳಲ್ಲಿ ರುದ್ರಾಕ್ಷಿ, ತೊಡೆಯ ಮೇಲೆ ಬಿಲ್ವಪತ್ರೆ. ಬಾವುಟ ಹಾಸಬೇಕೆಂದಿದ್ದ ಜಾಗದಲ್ಲಿ ಸುಮಿತ್ರಮ್ಮ ಟ್ರಂಕಿನಿಂದ ತೆಗೆದ ಹಸಿರು ಟೋಪಿ ಇಟ್ಟರು. ಅಯ್ಯನವರು ದೇವೀರಪ್ಪನ ಮುಖ ನೋಡಿದರು. ದೇವೀರಪ್ಪ ನೆಲ ನೋಡಿದರು.

"ಇರಲಿ ಬಿಡಿ," ಎಂದರು ಅಯ್ಯನವರು.

ಮೂರು ಗಂಟೆಯಾದರೂ ಬೇಲೂರಿನವರು ಬರಲಿಲ್ಲ. ಮೂರೂ ಕಾಲಿಗೆ ಮೇಘಶ್ರೀ ಫೋನ್ ಮಾಡಿದಳು. ಬಸ್ಸು ಮಾದಿಹಳ್ಳಿ ಹತ್ತಿರ ನಿಂತಿದೆ, ಟೈರು ಬದಲಾಯಿಸುತ್ತಿದ್ದಾರೆ ಎಂದರು.

"ಅಯ್ಯನೋರು ಕತ್ತಲೊಳಗೆ ಮಠ ಸೇರ್ಬೇಕು," ಎಂದು ದೇವೀರಪ್ಪ ಗಡಿಯಾರ ನೋಡಿಕೊಂಡರು. "ಟೈರು ಪಂಚರ್ ಆದ್ರೆ ಮಣ್ಣು ನಿಲ್ಸಕ್ಕಾಗುತ್ತಾ?"

"ಹತ್ತು ನಿಮಿಷ ದೊಡ್ಡಪ್ಪ."

"ಬೆಳಿಗ್ಗೆಯಿಂದ ನಿಂದು ಹತ್ತು ನಿಮಿಷಾನೇ ಆಯ್ತಲ್ಲೇ."

ವಿಮಾನವೆಂದು ಕರೆಯುವ, ಹೂವು ಕಟ್ಟಿದ ಬಿದಿರಿನ ಮಂಟಪದಲ್ಲಿ ರೇವಣಸಿದ್ದಪ್ಪನನ್ನು ಕೂರಿಸಿ ಹೊರಟರು. ಊರಾಚೆಯ ರುದ್ರಭೂಮಿಗೆ ಅರ್ಧ ಕಿಲೋಮೀಟರು. ಮೇಘಶ್ರೀ ಬಿಸ್ಕತ್ತು ಡಬ್ಬವನ್ನು ಸೇವಾ ಪುಸ್ತಕದ ಸಮೇತ ಕೈಚೀಲಕ್ಕೆ ಹಾಕಿಕೊಂಡಿದ್ದಳು. ಬೇಲೂರಿನವರು ಪುಸ್ತಕ ನೋಡಬೇಕೆಂದರೆ ಇರಲಿ ಎಂದು.

ಮೂರೂ ನಲವತ್ತಕ್ಕೆ ಬಸವನ ಗುಡಿಯ ತಿರುವಿನಲ್ಲಿ ಮೂವರು ಓಡುನಡಿಗೆಯಲ್ಲಿ ಬಂದು ಸೇರಿಕೊಂಡರು. ಬಿಳಿ ಅಂಗಿ, ತಲೆಗೆ ಬಿಗಿದ ಟೋಪಿ, ಎದೆಯಲ್ಲಿ ಪದಕಗಳ ಸಾಲು. ಮುಂದಿದ್ದ ಹನುಮಂತಯ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಿಂದಿನವರಿಬ್ಬರು ಕಪ್ಪು ಸ್ಪೀಕರ್ ಪೆಟ್ಟಿಗೆಯನ್ನು ಆಚೆ ಈಚೆ ಹಿಡಿದಿದ್ದರು. ದಾರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಘಶ್ರೀಗೆ ಬೇಕಾಗಿದ್ದದ್ದು ಅದೇ.

"ಬಂದ್ರಲ್ಲ," ಎಂದ ಮರಿಯಣ್ಣ. "ನಿನ್ನ ಹತ್ತು ನಿಮಿಷಕ್ಕೆ ಬೆಲೆ ಬಂತು ಕಣವ್ವಾ."

•

ಹಿಂದಿನ ಆಗಸ್ಟ್ ಹದಿಮೂರರಂದು ಅದೇ ಪೆಟ್ಟಿಗೆ ಅಂಗಡಿಯ ಮೇಜಿನ ಮೇಲಿತ್ತು. ಹನುಮಂತಯ್ಯ ಬಾಗಿಲಲ್ಲಿ ನಿಂತೇ ಕೇಳಿದರು.

"ಹಾಡುತ್ತಾ ರೇವಣಸಿದ್ದಪ್ಪನವರೇ?"

"ಹಾಡುತ್ತೆ. ಚೀಟಿ ಓದಿ ಸಾರ್."

"ಆಯ್ತು, ಆಯ್ತು. ಆಟೋ ನಿಂತಿದೆ."

"ಓದಿ ಸಾರ್."

"ಹಳದಿ ತಾನೇ? ಕೆಂಪು ಅಲ್ವಲ್ಲ!" ಎಂದು ನಗುತ್ತಾ ಹನುಮಂತಯ್ಯ ಪೆಟ್ಟಿಗೆ ಎತ್ತಿಕೊಂಡು ಹೋದರು. ಧ್ವಜಾರೋಹಣ ತಾಲ್ಲೂಕು ಮೈದಾನದಲ್ಲಿ ಆಯಿತು. ಅಲ್ಲಿ ಕಂಬದಿಂದ ವೈರು ಎಳೆದಿದ್ದರು, ಪೆಟ್ಟಿಗೆ ಚೆನ್ನಾಗಿ ಹಾಡಿತು. ಜನವರಿ ಇಪ್ಪತ್ತಾರಕ್ಕೂ ಅಲ್ಲಿಯೇ, ಅದೇ ವೈರಿನಲ್ಲಿ.

ಆಟೋ ಹೋದ ಮೇಲೆ ಸುಮಿತ್ರಮ್ಮ ಒಳಗಿನಿಂದ ಬಂದರು. "ಸಂಘಕ್ಕೆ ಬೇಡ ಅಂದೋರಿಗೆ ಯಾಕ್ರೀ ಮಾಡಿಕೊಡ್ತೀರಾ?"

ರೇವಣಸಿದ್ದಪ್ಪ ಮುಂದಿನ ಸಾಮಾನಿನ ತಿರುಪು ಬಿಚ್ಚುತ್ತಿದ್ದರು.

"ಪೆಟ್ಟಿಗೆ ಏನು ತಪ್ಪು ಮಾಡಿತ್ತೇ?" ಎಂದರು.

•

ಗುಂಡಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ರೇವಣಸಿದ್ದಪ್ಪನನ್ನು ಉತ್ತರಕ್ಕೆ ಮುಖ ಮಾಡಿ ಕೂರಿಸಿದರು. ಸುತ್ತ ವಿಭೂತಿ ಗಟ್ಟಿಗಳು, ಉಪ್ಪು, ಬಿಲ್ವಪತ್ರೆ. ಸುಮಾರು ಇನ್ನೂರು ಜನ ಸೇರಿದ್ದರು. ಅಯ್ಯನವರು ಮಂತ್ರ ಮುಗಿಸಿ ಮೊದಲ ಹಿಡಿ ಮಣ್ಣಿಗೆ ಕೈ ಚಾಚಿದಾಗ ಹನುಮಂತಯ್ಯ ಮುಂದೆ ಬಂದರು.

"ಸ್ವಾಮಿ, ನಮ್ಮದೊಂದು ನಿಮಿಷ."

ಮೂವರೂ ಗುಂಡಿಯ ದಂಡೆಯಲ್ಲಿ ಸಾಲಾಗಿ ನಿಂತರು. ಪೆಟ್ಟಿಗೆಯನ್ನು ಮಣ್ಣಿನ ಗುಪ್ಪೆಯ ಮೇಲಿಟ್ಟಿದ್ದರು. ಅದರ ಹಿಂಬದಿ ಜನರ ಕಡೆಗಿತ್ತು. ಹನುಮಂತಯ್ಯ ಫೋನನ್ನು ಅದಕ್ಕೆ ಜೋಡಿಸಿ ಬಟನ್ ಒತ್ತಿದರು. ಮೂರೂ ಐವತ್ತೆರಡು.

ಬ್ಯೂಗಲ್ ಜೋರಾಗಿಯೇ ಎದ್ದಿತು. ಮರದ ಮೇಲಿದ್ದ ಕಾಗೆಗಳು ಹಾರಿದವು. ಹೆಂಗಸರ ಅಳು ನಿಂತಿತು. ಹಿಂದಿದ್ದವರು ತುದಿಗಾಲಲ್ಲಿ ನಿಂತು ನೋಡಿದರು. ಯಾರೋ ಟವೆಲ್ಲನ್ನು ತಲೆಯಿಂದ ತೆಗೆದರು. ದೇವೀರಪ್ಪ ನೆಟ್ಟಗೆ ನಿಂತರು. ಹನ್ನೊಂದು ಸೆಕೆಂಡು. ಸ್ವರ ಏರುತ್ತಿದ್ದ ಜಾಗದಲ್ಲಿ ಪೆಟ್ಟಿಗೆ ಗೊರ್ ಎಂದಿತು, ಅದರ ಸಣ್ಣ ಕೆಂಪು ದೀಪ ಆರಿತು.

ಒಬ್ಬರು ಪೆಟ್ಟಿಗೆಗೆ ಅಂಗೈಯಿಂದ ತಟ್ಟಿದರು. ದೀಪ ಹತ್ತಿತು, ಆರಿತು. ಇನ್ನೊಬ್ಬರು ಜೋರಾಗಿ ಗುದ್ದಿದರು.

"ಚಾರ್ಜ್ ಮಾಡಿದ್ವಿ ಸಾರ್. ಬೆಳಿಗ್ಗೆಯಿಂದ ಹಾಕಿಟ್ಟಿದ್ವಿ."

"ಹತ್ತಿರ ಎಲ್ಲಾದ್ರೂ ಕರೆಂಟ್ ಐತೇನ್ರೀ?"

"ಸುಡುಗಾಡಲ್ಲಿ ಕರೆಂಟು ಎಲ್ಲಿಂದ ಬರುತ್ತೆ?"

"ರಿಪೇರಿಯೋರು ಯಾರಾದ್ರೂ..." ಎಂದು ಹಿಂದಿನಿಂದ ಶುರುಮಾಡಿದವನೊಬ್ಬ ಅರ್ಧಕ್ಕೇ ಬಾಯಿ ಮುಚ್ಚಿಕೊಂಡ. ಇನ್ನೂರು ಜನರೂ ಗುಂಡಿಯ ಕಡೆ ನೋಡಿದರು.

ಅಯ್ಯನವರು ಸೂರ್ಯನನ್ನೊಮ್ಮೆ ನೋಡಿ ಮಣ್ಣಿಗೆ ಕೈ ಹಾಕಿದರು. ದೇವೀರಪ್ಪ ಅವರ ಮುಂಗೈ ತಡೆದರು. "ಒಂದು ನಿಮಿಷ ತಡೀರಿ ಅಯ್ಯನೋರೇ." ಹನುಮಂತಯ್ಯನತ್ತ ತಿರುಗಿದರು. "ಇನ್ನೊಂದ್ಸಲ ಹಾಕಿ ನೋಡಿ. ಮೊದಲಿಂದ ಹಾಕಿ. ಚೆನ್ನಾಗಿ ಬತ್ತಾ ಇತ್ತು."

ಎರಡನೆಯ ಸಲ ದೀಪವೂ ಹತ್ತಲಿಲ್ಲ.

ಮೇಘಶ್ರೀ ಪೆಟ್ಟಿಗೆಯ ಹಿಂದೆ ನಿಂತಿದ್ದಳು. ಹಿಡಿಯ ಬುಡದಲ್ಲಿ ದಾರದಿಂದ ಕಟ್ಟಿದ ಹಳದಿ ಚೀಟಿ ಇತ್ತು. ಆರು ತಿಂಗಳ ಧೂಳು ಕೂತಿತ್ತು, ಅಕ್ಷರ ಅಳಿಸಿರಲಿಲ್ಲ. ಅವಳು ತರಗತಿಯಲ್ಲಿ ಓದುವ ದನಿಯಲ್ಲಿ ಓದಿದಳು.

"ವಸ್ತು: ಸ್ಪೀಕರ್ ಪೆಟ್ಟಿಗೆ. ದೋಷ: ಬ್ಯಾಟರಿ ಮುಗಿದಿದೆ, ಚಾರ್ಜ್ ನಿಲ್ಲುವುದಿಲ್ಲ. ಕರೆಂಟಿಗೆ ಹಾಕಿದರೆ ಮಾತ್ರ ನಡೆಯುತ್ತದೆ. ಬಯಲಿಗೆ ಒಯ್ಯಬಾರದು. ಮೂರನೇ ವರ್ಷ ಹೇಳುತ್ತಿದ್ದೇನೆ. ದಿನಾಂಕ: ಹದಿಮೂರು ಎಂಟು ಇಪ್ಪತ್ನಾಲ್ಕು. ಕಟ್ಟಿದವರು: ರೇವಣಸಿದ್ದಪ್ಪ."

ಮರಿಯಣ್ಣ ಮುಖ ಆಚೆ ತಿರುಗಿಸಿಕೊಂಡ, ಅವನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಹಿಂದಿದ್ದವರಿಗೆ ತಿಳಿಯಲಿಲ್ಲ.

"ನಾನು ಓದಬೇಕಿತ್ತು," ಎಂದರು ಹನುಮಂತಯ್ಯ. "ಹಳದಿ ಅಂದ್ರೆ ಆಗಿದೆ ಅಂತ..."

"ಫೋನಿನಲ್ಲೇ ಹಾಕಿ ಸಾರ್," ಎಂದಳು ಮೇಘಶ್ರೀ.

ಅವರು ಫೋನನ್ನು ಎಡಗೈಯಲ್ಲಿ ಎತ್ತಿ ಹಿಡಿದರು. ಮೊದಲ ಸಾಲಿನಲ್ಲಿದ್ದವರಿಗೆ ಬ್ಯೂಗಲ್ಲಿನ ಸ್ವರ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಂತೆ ಕೇಳಿಸಿತು. ಎರಡನೆಯ ಸಾಲಿಗೆ ಕೇಳಿಸಲಿಲ್ಲ. ಮಧ್ಯೆ ಯಾರದೋ ಕರೆ ಬಂದು ಅದೂ ನಿಂತಿತು. ಹನುಮಂತಯ್ಯ ಫೋನನ್ನು ಜೇಬಿಗೆ ಹಾಕಿಕೊಂಡು, ಹಿಮ್ಮಡಿ ಕೂಡಿಸಿ, ಸದ್ದಿಲ್ಲದೆ ಸೆಲ್ಯೂಟ್ ಹೊಡೆದರು. ಪಕ್ಕದ ಇಬ್ಬರೂ ಹೊಡೆದರು. ಕೈ ಇಳಿಸಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಅಯ್ಯನವರು ಮಣ್ಣು ಹಾಕಿದರು. ದೇವೀರಪ್ಪ ಹಾಕಿದರು. ಸುಮಿತ್ರಮ್ಮ, ಮೇಘಶ್ರೀ ಹಾಕಿದರು. ಊರಿನವರು ಹಾಕಿದರು.

ಜನ ಚದುರುವಾಗ ಹನುಮಂತಯ್ಯ ಅವಳ ಹತ್ತಿರ ಬಂದರು. ಟೋಪಿ ಕೈಯಲ್ಲಿತ್ತು.

"ಏನು ಹೇಳಬೇಕೋ ಗೊತ್ತಾಗ್ತಿಲ್ಲಮ್ಮ. ಆ ಚೀಟಿ ಬಿಚ್ಚಿ ಕೊಡ್ಲಾ? ನಿಮ್ಮ ತಂದೆಯ ಅಕ್ಷರ. ಇಟ್ಕೊಳ್ಳಿ."

"ಬೇಡ. ಅದು ಪೆಟ್ಟಿಗೇದು. ಅಲ್ಲೇ ಇರಲಿ."

ಅವಳು ಮಣ್ಣಿನ ಗುಪ್ಪೆಯ ಮೇಲೆ ಕೂತು ಕೈಚೀಲದಿಂದ ಡಬ್ಬ ತೆಗೆದಳು. ಕೆಂಪು ಕಟ್ಟಿನಿಂದ ಒಂದು ಚೀಟಿ ಎಳೆದು ಸೇವಾ ಪುಸ್ತಕದ ಮೇಲಿಟ್ಟುಕೊಂಡು ಬರೆಯತೊಡಗಿದಳು. ಬಾಲ್ ಪೆನ್ನು ಮೊದಲು ಮೂಡಲಿಲ್ಲ. ಅಂಗೈ ಮೇಲೆ ಗೀಚಿ ಮತ್ತೆ ಬರೆದಳು. ವಸ್ತುವಿನ ಮುಂದೆ ಸ್ಪೀಕರ್ ಪೆಟ್ಟಿಗೆ ಎಂದು ಬರೆದಳು. ದೋಷದ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ 'ಮಧ್ಯಾಹ್ನ ೩-೫೨ಕ್ಕೆ ಹಾಕಲಾಯಿತು. ಹನ್ನೊಂದು ಸೆಕೆಂಡಿಗೆ ನಿಂತಿತು' ಎಂದಷ್ಟೇ ಬರೆದಳು. ದಿನಾಂಕ ಹಾಕಿದಳು. ಕಟ್ಟಿದವರು ಎಂಬಲ್ಲಿ ತನ್ನ ಹೆಸರು ಬರೆದು, ಜಾಗ ಸಾಲದೆ ಚೀಟಿ ತಿರುಗಿಸಿ, ಹಿಂಬದಿಯಲ್ಲಿ ಪೂರ್ತಿ ಮಾಡಿದಳು: 'ಸೈನಿಕ ರೇವಣಸಿದ್ದಪ್ಪನವರ ಮಗಳು.'

ಹಳದಿ ಚೀಟಿಯ ಪಕ್ಕದಲ್ಲಿ ಅದನ್ನು ಎರಡು ಗಂಟು ಹಾಕಿ ಕಟ್ಟಿದಳು.

ಹನುಮಂತಯ್ಯ ಬಗ್ಗಿ, ಕನ್ನಡಕ ಹಾಕಿಕೊಂಡು, ಎರಡೂ ಕಡೆ ಓದಿದರು.

ಸಂಜೆ ಐದೂ ಹತ್ತರ ಬಸ್ಸಿನಲ್ಲಿ ಮೂವರೂ ಬೇಲೂರಿಗೆ ವಾಪಸಾದರು. ಪೆಟ್ಟಿಗೆಯನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟಿದ್ದರು. ಕಂಡಕ್ಟರ್ ಕೆಂಪು ಚೀಟಿಯನ್ನು ಲಗೇಜು ತೂಗುವವರು ಕಟ್ಟಿದ್ದೆಂದು ತಿಳಿದು ತಿರುಗಿಸಿ ನೋಡಿ, ಮೂರು ಟಿಕೆಟ್ ಹಾಗೂ ಒಂದು ಲಗೇಜ್ ಟಿಕೆಟ್ ಹರಿದು ಕೊಟ್ಟ.